ಏಳು ಸುತ್ತಿನ ಕೋಟೆ, ಅರವತ್ತನಾಲ್ಕು ಮನೆಯ ಆಟ

ಚಿತ್ರದುರ್ಗದ ಕೋಟೆಗೆ ಶಾಲಾ ಪ್ರವಾಸದಲ್ಲಿ ಬರುವ ಮಕ್ಕಳಲ್ಲಿ ಒಬ್ಬರಾದರೂ ಕೇಳುವ ಪ್ರಶ್ನೆ ಒಂದಿದೆ: “ಇಷ್ಟು ಗಟ್ಟಿ ಕೋಟೆ ಸೋತದ್ದು ಹೇಗೆ?”

ಊರೊಳಗಿನ ರಂಗಯ್ಯನ ಬಾಗಿಲು ದಾಟಿ ಬೆಟ್ಟದ ಕಡೆ ನಡೆದು, ಸುತ್ತಿನ ಮೇಲೆ ಸುತ್ತು ಏರುತ್ತ ಹೋದ ಹಾಗೆ ಈ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ. ಬಂಡೆಗೆ ಬಂಡೆ ಕಚ್ಚಿಸಿ ಕಟ್ಟಿದ ಗೋಡೆಗಳು, ಆನೆ ಓಡಿ ಬಂದು ಗುದ್ದಲಾಗದಂತೆ ತಿರುವು ಕೊಟ್ಟ ಬಾಗಿಲುಗಳು, ಮದ್ದು ಅರೆಯುತ್ತಿದ್ದ ಭಾರಿ ಬೀಸುಕಲ್ಲುಗಳು, ಮಳೆನೀರನ್ನು ಹಿಡಿದಿಡುವ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿಯರ ಹೊಂಡ... ಇಷ್ಟೆಲ್ಲ ಇದ್ದೂ 1779ರಲ್ಲಿ ಈ ಕೋಟೆ ಹೈದರಾಲಿಯ ಕೈ ಸೇರಿತು. ಕೊನೆಯ ಮದಕರಿ ನಾಯಕ ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಹೋದ.

ಗಟ್ಟಿಯಾದದ್ದು ಯಾವುದು, ಗೆದ್ದದ್ದು ಯಾವುದು? ಇವೆರಡೂ ಒಂದೇ ಪ್ರಶ್ನೆಯಲ್ಲ ಎಂಬುದನ್ನು ಕಲಿಸಲು ದುರ್ಗಕ್ಕಿಂತ ಒಳ್ಳೆಯ ಪಾಠಶಾಲೆ ಸಿಗಲಾರದು. ಇದೇ ಪ್ರಶ್ನೆ ಇಂದು ಬೇರೊಂದು ರಣರಂಗದಲ್ಲೂ ಎದ್ದು ನಿಂತಿದೆ. ಅದು ಚದುರಂಗದ ಹಾಸು. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೇನೆಯಿಂದಲೇ ಹೆಸರು ಪಡೆದ ಈ ಆಟವನ್ನು ಈಗ ಕಂಪ್ಯೂಟರುಗಳು ತಮ್ಮ ತಮ್ಮೊಳಗೇ ಆಡುತ್ತವೆ. ‘ಚೆಸ್ ಎಂಜಿನ್’ ಎಂದು ಕರೆಯುವ ತಂತ್ರಾಂಶಗಳಿಗೆ ಟೂರ್ನಿಗಳಿವೆ, ಸುತ್ತುಗಳಿವೆ, ಚಾಂಪಿಯನ್ ಪಟ್ಟವೂ ಇದೆ. ಹಾಗಾದರೆ ಟೂರ್ನಿ ಗೆದ್ದ ಎಂಜಿನ್ನೇ ಎಲ್ಲಕ್ಕಿಂತ ಬಲಶಾಲಿಯೇ?

ಮಕ್ಕಳು ಮೊಬೈಲಿನಲ್ಲಿ ಚೆಸ್ ಆಡುವ ಮನೆಗಳಲ್ಲಿ ಇದು ಬರೀ ಯಂತ್ರಗಳ ಮಾತಲ್ಲ. ಪಕ್ಕದ ಮನೆಯ ಹುಡುಗಿ ಕಪ್ ತಂದಳು, ನಮ್ಮವನು ಬರಿಗೈಯಲ್ಲಿ ಬಂದ ಎಂದಾಗ ಅಪ್ಪ-ಅಮ್ಮನ ಮುಖದಲ್ಲಿ ಮೂಡುವ ಪ್ರಶ್ನೆಯೂ ಇದೇ. ಬನ್ನಿ, ಈ ಒಂದು ಪ್ರಶ್ನೆಯನ್ನು ಜೇಬಿನಲ್ಲಿಟ್ಟುಕೊಂಡು ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳನ್ನು ಒಂದು ಸುತ್ತು ಹಾಕಿಬರೋಣ.

ಕಿಂಡಿಯ ಪಾಠ

ಕೋಟೆಗೆ ಬಂದವರು ಓಬವ್ವನ ಕಿಂಡಿ ನೋಡದೆ ಇಳಿಯುವುದಿಲ್ಲ. ಬಂಡೆಗಳ ನಡುವೆ ಒಬ್ಬರು ಮೈ ಕುಗ್ಗಿಸಿ ತೂರಬಹುದಾದ ಸಂದಿ. ಕಹಳೆಯ ಮುದ್ದಹನುಮ ಊಟಕ್ಕೆ ಕೂತಿದ್ದಾಗ ನೀರು ತರಲು ಹೋದ ಓಬವ್ವ ಈ ಕಿಂಡಿಯಲ್ಲಿ ತೂರಿಬರುತ್ತಿದ್ದ ಶತ್ರು ಸೈನಿಕರನ್ನು ಕಂಡಳು. ಒನಕೆ ಹಿಡಿದು ಒಬ್ಬೊಬ್ಬರನ್ನೇ ಕೆಡವಿದಳು ಎಂಬ ಕಥೆ ಕನ್ನಡ ಓದಿದ ಪ್ರತಿ ಮಗುವಿಗೂ ಗೊತ್ತು.

ಆದರೆ ಕಿಂಡಿಯ ಮುಂದೆ ನಿಂತು ಸ್ವಲ್ಪ ಯೋಚಿಸಿ ನೋಡಿ. ಓಬವ್ವ ಗೆದ್ದ ದಿನ ದುರ್ಗವನ್ನು ಕಂಡವನು ‘ಇದನ್ನು ಯಾರೂ ಗೆಲ್ಲಲಾರರು’ ಎಂದು ಬರೆದಿಡುತ್ತಿದ್ದ. 1779ರಲ್ಲಿ ಕಂಡವನು ‘ಇದು ಸೋಲುವ ಕೋಟೆ’ ಎಂದು ಬರೆದಿಡುತ್ತಿದ್ದ. ಗೋಡೆಗಳು ಮಾತ್ರ ಎರಡೂ ದಿನ ಅವೇ! ಒಂದು ದಿನದ ಕಾಳಗ ಆ ದಿನ ಏನಾಯಿತೆಂದು ಹೇಳುತ್ತದೆ. ಗೋಡೆಯ ದಪ್ಪ ಎಷ್ಟೆಂದು ಹೇಳುವುದಿಲ್ಲ.

ಚೆಸ್ ಎಂಜಿನ್‌ಗಳ ಲೋಕದಲ್ಲೂ ಇಂಥ ಕಿಂಡಿಗಳ ಕಥೆಯಿದೆ. 1995ರ ಮೇ ತಿಂಗಳಲ್ಲಿ ಹಾಂಗ್‌ಕಾಂಗ್‌ನಲ್ಲಿ ಕಂಪ್ಯೂಟರ್ ಚೆಸ್‌ನ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಐಬಿಎಂ ಕಂಪನಿಯ ‘ಡೀಪ್ ಬ್ಲೂ’ ಯಂತ್ರದ ಪ್ರಾಯೋಗಿಕ ರೂಪ ಅಲ್ಲಿತ್ತು; ಅದೇ ಗೆಲ್ಲುತ್ತದೆ ಎಂದು ಹೆಚ್ಚಿನವರು ನಂಬಿದ್ದರು. ಆದರೆ ಐದನೆಯ ಹಾಗೂ ಕೊನೆಯ ಸುತ್ತಿನಲ್ಲಿ, ಮೇಜಿನ ಮೇಲಿಡುವ ಸಾಮಾನ್ಯ ಪೆಂಟಿಯಂ ಕಂಪ್ಯೂಟರಿನಲ್ಲಿ ಓಡುತ್ತಿದ್ದ ‘ಫ್ರಿಟ್ಜ್’ ಎಂಬ ತಂತ್ರಾಂಶ ಅದನ್ನು ಸೋಲಿಸಿತು. ಪಟ್ಟವೂ ಫ್ರಿಟ್ಜ್‌ನದೇ ಆಯಿತು.

ಮುಂದಿನದು ಎಲ್ಲರಿಗೂ ಗೊತ್ತಿರುವ ಚರಿತ್ರೆ. ಎರಡೇ ವರ್ಷಗಳಲ್ಲಿ, 1997ರ ಮೇ ತಿಂಗಳಲ್ಲಿ, ಬೆಳೆದು ನಿಂತ ಡೀಪ್ ಬ್ಲೂ ನ್ಯೂಯಾರ್ಕ್‌ನಲ್ಲಿ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಅವರನ್ನು 3.5–2.5 ಅಂಕಗಳಿಂದ ಸೋಲಿಸಿತು. ಒಂದು ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಎಣಿಸುತ್ತಿದ್ದ ಯಂತ್ರ ಅದು. ಹಾಂಗ್‌ಕಾಂಗ್‌ನ ಫಲಿತಾಂಶವನ್ನಷ್ಟೇ ನೋಡಿ ‘ಐಬಿಎಂ ದಾರಿ ತಪ್ಪಿದೆ’ ಎಂದು ತೀರ್ಮಾನಿಸಿದ್ದವರ ಗತಿ ಏನಾಗಿರಬೇಡ! ಹಾಗೆಂದು ನ್ಯೂಯಾರ್ಕ್ ಪಂದ್ಯವಾದರೂ ಪೂರ್ತಿ ಉತ್ತರವೇ? ಅಲ್ಲಿ ನಡೆದದ್ದು ಆರೇ ಆಟ. ಯಂತ್ರ ಎರಡು ಗೆದ್ದಿತು, ಒಂದು ಸೋತಿತು, ಮೂರು ಡ್ರಾ. ಕಾಸ್ಪರೋವ್ ಮರುಪಂದ್ಯ ಕೇಳಿದರು. ಐಬಿಎಂ ಒಪ್ಪಲಿಲ್ಲ, ಯಂತ್ರವನ್ನು ನಿವೃತ್ತಿಗೊಳಿಸಿತು. ಡೀಪ್ ಬ್ಲೂ ನಿಜಕ್ಕೂ ಎಷ್ಟು ಬಲಶಾಲಿಯಾಗಿತ್ತು ಎಂಬ ಪ್ರಶ್ನೆಯೂ ಅದರೊಂದಿಗೇ ಪೆಟ್ಟಿಗೆ ಸೇರಿತು.

ಕಿಂಡಿಯ ಇನ್ನೊಂದು ಕಥೆ ಚೆಸ್‌ನದಲ್ಲ. ಪೂರ್ವ ಏಷ್ಯಾದ ‘ಗೋ’ ಆಟದ್ದು. ಆ ಆಟದಲ್ಲಿ ಮನುಷ್ಯರನ್ನು ಎಂದೋ ಹಿಂದೆ ಹಾಕಿದ್ದ ‘ಕಟಾಗೋ’ ಎಂಬ ತಂತ್ರಾಂಶವನ್ನು 2023ರಲ್ಲಿ ಕೆಲಿನ್ ಪೆಲ್ರೀನ್ ಎಂಬ ಹವ್ಯಾಸಿ ಆಟಗಾರ 15 ಆಟಗಳಲ್ಲಿ 14 ಬಾರಿ ಸೋಲಿಸಿದರು. ಅದಕ್ಕೆ ಬೇಕಾದ ಉಪಾಯವನ್ನು ಹುಡುಕಿಕೊಟ್ಟದ್ದು ಮತ್ತೊಂದು ತಂತ್ರಾಂಶ. ಏಳು ಸುತ್ತೂ ಭದ್ರವಾಗಿದ್ದವು. ಕಿಂಡಿ ಒಂದಿತ್ತು, ಅಲ್ಲಿ ಓಬವ್ವ ಇರಲಿಲ್ಲ!

ಆದ್ದರಿಂದ ಟೂರ್ನಿಗಳು ವ್ಯರ್ಥ ಎಂದುಕೊಳ್ಳಬೇಡಿ. ಸಾವಿರ ಆಟಗಳ ಸರಾಸರಿಯಲ್ಲಿ ಮುಚ್ಚಿಹೋಗುವ ಕಿಂಡಿ, ಎದುರಾಳಿ ಹೊಂಚು ಹಾಕಿ ಕೂತ ಒಂದೇ ಆಟದಲ್ಲಿ ಬಯಲಾಗಬಹುದು. ಟೂರ್ನಿ ಕಿಂಡಿಯನ್ನು ತೋರಿಸಬಲ್ಲದು. ಗೋಡೆಯ ಬಲವನ್ನು ಅಳೆಯಲು ಬೇರೆಯದೇ ಅಳತೆಗೋಲು ಬೇಕು. ಅದನ್ನು ಹುಡುಕಿಕೊಂಡು ಹಿರಿಯೂರಿನ ಕಡೆಗೆ ಹೊರಡೋಣ.

ಮಾರಿಕಣಿವೆಯ ಲೆಕ್ಕ

ದುರ್ಗದಿಂದ ಬೆಂಗಳೂರಿನ ದಿಕ್ಕಿಗೆ ಹೆದ್ದಾರಿಯಲ್ಲಿ ಸುಮಾರು 40 ಕಿ.ಮೀ. ಸಾಗಿದರೆ ಹಿರಿಯೂರು, ತೇರುಮಲ್ಲೇಶ್ವರನ ಊರು. ಅಲ್ಲಿಂದ ಹೊಸದುರ್ಗದ ರಸ್ತೆ ಹಿಡಿದರೆ ಎರಡು ಗುಡ್ಡಗಳ ನಡುವೆ ವೇದಾವತಿಯನ್ನು ತಡೆದು ನಿಲ್ಲಿಸಿದ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ. ಮೈಸೂರು ಸಂಸ್ಥಾನದ ಕಾಲದಲ್ಲಿ 1898ರಲ್ಲಿ ಕೆಲಸ ಶುರುವಾಗಿ 1907ರ ಹೊತ್ತಿಗೆ ಮುಗಿದ ಈ ಅಣೆಕಟ್ಟಿಗೆ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರು. ಪೂರ್ಣ ಮಟ್ಟ 130 ಅಡಿ. ಹಿಡಿಯುವ ನೀರು ಸುಮಾರು 30 ಟಿಎಂಸಿ.

ಈ ಜಲಾಶಯದ ಸ್ವಾರಸ್ಯ ಇರುವುದು ಅದರ ಕೋಡಿಯಲ್ಲಿ. 1933ರಲ್ಲಿ ತುಂಬಿ ಕೋಡಿ ಹರಿಯಿತು. ಆಮೇಲೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, ಬರೋಬ್ಬರಿ 89 ವರ್ಷಗಳ ನಂತರ! ಅಜ್ಜ ಕಂಡದ್ದನ್ನು ಮಗ ಕಾಣಲಿಲ್ಲ, ಮೊಮ್ಮಗ ಕಂಡ. ಇನ್ನೊಂದು ಕೋಡಿಗೆ ಮತ್ತೆ ಅಷ್ಟು ಕಾಯಬೇಕೇನೋ ಎನ್ನುವಷ್ಟರಲ್ಲಿ 2025ರ ಜನವರಿಯಲ್ಲೇ ಜಲಾಶಯ ಮತ್ತೆ ತುಂಬಿತು. 1933ರ ವರ್ಷವೊಂದನ್ನೇ ನೋಡಿ ಹಿರಿಯೂರನ್ನು ಮಲೆನಾಡೆಂದು ಬರೆಯಲಾದೀತೇ? ಒಂದು ಬರಗಾಲ ನೋಡಿ ‘ಇಲ್ಲಿ ಅಣೆಕಟ್ಟು ಕಟ್ಟಿದ್ದೇ ತಪ್ಪು’ ಎನ್ನಲಾದೀತೇ? ಮಳೆ ಬರಲಿ, ಬಿಡಲಿ, ಮಳೆಮಾಪಕದ ಬಳಿ ಬೆಳಿಗ್ಗೆ ಎಂಟೂವರೆಗೆ ಅಂಕಿ ಬರೆದಿಡುವುದು ಇದಕ್ಕಾಗಿಯೇ. ಒಂದು ದಿನದ ಅಂಕಿ ಸುದ್ದಿ. ಐವತ್ತು ವರ್ಷದ ಅಂಕಿ ತಿಳಿವಳಿಕೆ.

ಚೆಸ್ ಎಂಜಿನ್‌ಗಳ ಮೊದಲ ವಿಶ್ವ ಚಾಂಪಿಯನ್‌ಶಿಪ್ 1974ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದಾಗ ಇದ್ದದ್ದು 13 ಸ್ಪರ್ಧಿಗಳು, ನಾಲ್ಕೇ ಸುತ್ತು. ಸೋವಿಯತ್ ಒಕ್ಕೂಟದ ‘ಕಾಯಿಸ್ಸಾ’ ನಾಲ್ಕನ್ನೂ ಗೆದ್ದು ಚಾಂಪಿಯನ್ ಆಯಿತು. ಬಹುಜನರ ಮೆಚ್ಚಿನ ಸ್ಪರ್ಧಿಯಾಗಿದ್ದ ಅಮೆರಿಕದ ‘ಚೆಸ್ 4.0’ ಬೇರೊಂದು ಸ್ಪರ್ಧಿಗೆ ಒಂದು ಆಟ ಸೋತು ಹಿಂದುಳಿಯಿತು. ತಮಾಷೆ ಎಂದರೆ, ಟೂರ್ನಿಯಲ್ಲಿ ಇವೆರಡೂ ಮುಖಾಮುಖಿಯಾಗಲೇ ಇಲ್ಲ! ಟೂರ್ನಿ ಮುಗಿದ ಮೇಲೆ ಇಬ್ಬರನ್ನೂ ಸ್ನೇಹದ ಆಟಕ್ಕೆ ಕೂರಿಸಿದರು. ಅದು ಡ್ರಾ ಆಯಿತು. ಹಾಗಾದರೆ ಬಲಶಾಲಿ ಯಾವುದು?

ಇಲ್ಲಿ ಮಕ್ಕಳು ಮಾಡಬಹುದಾದ ಒಂದು ಲೆಕ್ಕವಿದೆ. ಎರಡು ಎಂಜಿನ್‌ಗಳಿವೆ ಎನ್ನಿ. ಮೊದಲನೆಯದು ನಿಜಕ್ಕೂ ಬಲಶಾಲಿ: ನೂರು ಆಟ ಆಡಿದರೆ ಸರಾಸರಿ 60 ಗೆಲ್ಲುತ್ತದೆ, 40 ಸೋಲುತ್ತದೆ, ಲೆಕ್ಕ ಸುಲಭವಾಗಲೆಂದು ಡ್ರಾ ಇಲ್ಲವೆಂದಿಟ್ಟುಕೊಳ್ಳೋಣ. ಇವೆರಡಕ್ಕೂ ಐದೇ ಆಟಗಳ ಪಂದ್ಯ ಇಟ್ಟರೆ, ಅಂಥ ನೂರು ಪಂದ್ಯಗಳಲ್ಲಿ ಸುಮಾರು 32ರಲ್ಲಿ ದುರ್ಬಲವಾದದ್ದೇ ಗೆದ್ದುಬಿಡುತ್ತದೆ. ಮೂರರಲ್ಲಿ ಒಂದು ಸಲ ಪಟ್ಟ ತಪ್ಪು ತಲೆಗೆ! ಅದೇ ಐದರ ಬದಲು ನೂರು ಆಟಗಳ ಪಂದ್ಯ ಇಟ್ಟರೆ, ಬಲಶಾಲಿ ಎಂಜಿನ್ ಮೇಲುಗೈ ತಪ್ಪಿಸಿಕೊಳ್ಳುವುದು ನೂರರಲ್ಲಿ ಸುಮಾರು ಮೂರೇ ಬಾರಿ. ಆದರೆ ವ್ಯತ್ಯಾಸ 60–40ರದ್ದಲ್ಲದೆ 51–49ರದ್ದಾದರೆ ನೂರು ಆಟವೂ ಸಾಲದು. ನಾಣ್ಯ ಚಿಮ್ಮಿ ನೋಡಿದಂತೆಯೇ ಸರಿ. ಬಲದ ಅಂತರ ಕಿರಿದಾದಷ್ಟೂ ಆಟಗಳ ಎಣಿಕೆ ಹಿರಿದಾಗಬೇಕು. ಇದೇ ಮಾರಿಕಣಿವೆಯ ಮೊದಲ ಪಾಠ.

ಎರಡನೆಯ ಪಾಠ ಇನ್ನೂ ಸೂಕ್ಷ್ಮ. 2022ರ ಕೋಡಿಗೆ ಕಾರಣ ಆ ವರ್ಷಗಳ ಒಳ್ಳೆಯ ಮಳೆ ಮಾತ್ರವಲ್ಲ. ಭದ್ರಾ ಮೇಲ್ದಂಡೆ ಯೋಜನೆಯಡಿ ಭದ್ರೆಯ ನೀರನ್ನೂ ಎತ್ತಿ ಈ ಜಲಾಶಯಕ್ಕೆ ಹರಿಸಲಾಗಿತ್ತು. ಹೀಗಾಗಿ 1933ರ ಕೋಡಿಯನ್ನೂ 2022ರ ಕೋಡಿಯನ್ನೂ ಪಕ್ಕ ಪಕ್ಕ ಇಟ್ಟು ‘ಯಾವ ವರ್ಷದ ಮಳೆ ದೊಡ್ಡದು’ ಎಂದು ನೇರವಾಗಿ ಕೇಳುವಂತಿಲ್ಲ. ವೇದಾವತಿಯ ಪಾಲೆಷ್ಟು, ಭದ್ರೆಯ ಪಾಲೆಷ್ಟು ಎಂದು ಬಿಡಿಸಿ ನೋಡಬೇಕು.

ಎಂಜಿನ್‌ಗಳ ವಿಷಯದಲ್ಲಿ ಈ ‘ಭದ್ರೆಯ ನೀರು’ ಎಂದರೆ ಯಂತ್ರಾಂಶ. 2017ರ ಡಿಸೆಂಬರಿನಲ್ಲಿ ಗೂಗಲ್ ಬಳಗದ ‘ಡೀಪ್‌ಮೈಂಡ್’ ಸಂಸ್ಥೆ ತನ್ನ ‘ಆಲ್ಫಾಝೀರೊ’ ಆಗಿನ ಪ್ರಬಲ ಎಂಜಿನ್ ‘ಸ್ಟಾಕ್‌ಫಿಶ್ 8’ ಎದುರು ನೂರು ಆಟಗಳಲ್ಲಿ 28 ಗೆದ್ದು, 72 ಡ್ರಾ ಮಾಡಿ, ಒಂದನ್ನೂ ಸೋಲಲಿಲ್ಲ ಎಂದು ಪ್ರಕಟಿಸಿದಾಗ ಚೆಸ್ ಲೋಕವೇ ಬೆರಗಾಯಿತು. ಕೂಡಲೇ ಆಕ್ಷೇಪಗಳೂ ಬಂದವು. ಆಲ್ಫಾಝೀರೊ ಓಡಿದ್ದು ಅದಕ್ಕೆಂದೇ ಹೊಂದುವ ವಿಶೇಷ ಚಿಪ್‌ಗಳ ಮೇಲೆ. ಸ್ಟಾಕ್‌ಫಿಶ್‌ಗೆ ಆರಂಭಿಕ ನಡೆಗಳ ಪುಸ್ತಕ ಇರಲಿಲ್ಲ, ನೆನಪಿನ ಜಾಗ ಕಡಿಮೆ, ಪ್ರತಿ ನಡೆಗೂ ಕಟ್ಟುನಿಟ್ಟಾಗಿ ಒಂದೇ ನಿಮಿಷ. ‘ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎನ್ನುವವರ ನೆಪ ಎಂದು ಇದನ್ನು ತಳ್ಳಿಹಾಕುವಂತಿರಲಿಲ್ಲ. ಡೀಪ್‌ಮೈಂಡ್‌ನವರೇ ಪರಿಸ್ಥಿತಿ ಬದಲಿಸಿ, ಸಾವಿರ ಆಟಗಳನ್ನು ಆಡಿಸಿ, 2018ರಲ್ಲಿ ಮತ್ತೆ ಪ್ರಕಟಿಸಿದರು: 155 ಗೆಲುವು, 6 ಸೋಲು, ಉಳಿದದ್ದೆಲ್ಲ ಡ್ರಾ. ಆಲ್ಫಾಝೀರೊದ ಹಿರಿಮೆ ಉಳಿಯಿತು. ‘ಒಂದೂ ಸೋಲದು’ ಎಂಬ ಮಾತು ಉಳಿಯಲಿಲ್ಲ. ಆಕ್ಷೇಪ ಎತ್ತಿದವರಿಂದ ಉಪಕಾರವೇ ಆಯಿತು.

ತೆರೆಯ ಹಿಂದೆ ಯಾರು?

ಮಾರಿಕಣಿವೆಯ ಹಿನ್ನೀರು ಚಾಚಿರುವುದು ಹೊಸದುರ್ಗ ತಾಲ್ಲೂಕಿನ ಕಡೆಗೇ. ತೆಂಗಿನ ತೋಟಗಳ ಸಾಲು ಕಂಡರೆ ಹೊಸದುರ್ಗದ ಸೀಮೆ ಬಂತೆಂದು ತಿಳಿಯಿರಿ. ಈ ತಾಲ್ಲೂಕಿನ ಸಾಣೇಹಳ್ಳಿ ರಂಗಭೂಮಿಯ ಊರು. ಅಲ್ಲಿನ ‘ಶಿವಸಂಚಾರ’ ತಂಡ ನಾಡಿನ ಊರೂರಿಗೆ ನಾಟಕ ಕೊಂಡೊಯ್ದಿದೆ. ನಾಟಕ ನೋಡುವಾಗ ಮಕ್ಕಳಿಗೆ ಸದಾ ಒಂದು ಕುತೂಹಲ: ಬಣ್ಣದ ಹಿಂದೆ ಇರುವವರು ಯಾರು?

ಚದುರಂಗದ ಯಂತ್ರಗಳ ಕಥೆ ಆರಂಭವಾಗುವುದೇ ಇಂಥದೊಂದು ಬಣ್ಣದ ವೇಷದಿಂದ. ದುರ್ಗ ಹೈದರಾಲಿಯ ಮುತ್ತಿಗೆಗಳನ್ನು ಎದುರಿಸುತ್ತಿದ್ದ ಕಾಲದಲ್ಲೇ, 1770ರಲ್ಲಿ, ವಿಯೆನ್ನಾದ ಅರಮನೆಯಲ್ಲಿ ಕೆಂಪೆಲೆನ್ ಎಂಬಾತ ಚೆಸ್ ಆಡುವ ಗೊಂಬೆಯೊಂದನ್ನು ತಂದು ನಿಲ್ಲಿಸಿದ. ಪೇಟ ಸುತ್ತಿದ ತುರ್ಕನ ವೇಷದ ಆ ಗೊಂಬೆ ದೊಡ್ಡ ದೊಡ್ಡವರನ್ನು ಸೋಲಿಸಿತು. 1809ರಲ್ಲಿ ನೆಪೋಲಿಯನ್ ಕೂಡ ಅದರೆದುರು ಕೂತ. ಗುಟ್ಟು ಇಷ್ಟೇ: ಪೆಟ್ಟಿಗೆಯೊಳಗೆ ಒಬ್ಬ ಒಳ್ಳೆಯ ಆಟಗಾರ ಅಡಗಿರುತ್ತಿದ್ದ! ಗೆಲುವು ಸುಳ್ಳಲ್ಲ, ಗೆದ್ದವರು ಯಾರೆಂಬುದು ಸುಳ್ಳು.

ಇಂದಿನ ಟೂರ್ನಿಗಳಿಗೂ ಈ ತಲೆನೋವು ತಪ್ಪಿಲ್ಲ. 2007ರಿಂದ 2010ರವರೆಗೆ ಸತತ ನಾಲ್ಕು ಬಾರಿ ವಿಶ್ವ ಪಟ್ಟ ಗೆದ್ದಿದ್ದ ‘ರಿಬ್ಕಾ’ ಎಂಬ ಎಂಜಿನ್‌ನಲ್ಲಿ ‘ಕ್ರಾಫ್ಟಿ’, ‘ಫ್ರೂಟ್’ ಎಂಬ ಬೇರೆ ಎಂಜಿನ್‌ಗಳ ಅಂಶಗಳಿವೆ ಎಂದು ಅಂತರರಾಷ್ಟ್ರೀಯ ಕಂಪ್ಯೂಟರ್ ಆಟಗಳ ಸಂಘ 2011ರಲ್ಲಿ ತೀರ್ಮಾನಿಸಿ ನಾಲ್ಕೂ ಪಟ್ಟಗಳನ್ನು ಹಿಂತೆಗೆದುಕೊಂಡಿತು. ರಿಬ್ಕಾದ ಕರ್ತೃ ಆರೋಪ ಒಪ್ಪಲಿಲ್ಲ. ತೀರ್ಪಿನ ಬಗ್ಗೆ ವಾದ-ವಿವಾದಗಳೂ ನಡೆದವು. ಆದರೆ ಗಮನಿಸಿ: ಆಟಗಳ ಫಲಿತಾಂಶ ಒಂದೂ ಬದಲಾಗಲಿಲ್ಲ, ಚಾಂಪಿಯನ್ ಮಾತ್ರ ಬದಲಾಯಿತು.

ಇನ್ನು ಅಖಾಡಕ್ಕೆ ಇಳಿಯದ ಜಟ್ಟಿಯ ಮಾತು. ಜಾತ್ರೆಯ ಕುಸ್ತಿಯಲ್ಲಿ ಗದೆ ಹೊತ್ತವನು ಆ ದಿನ ಬಂದಿದ್ದವರಲ್ಲಿ ಮೊದಲಿಗ. ಬಾರದವನನ್ನು ಅವನು ಸೋಲಿಸಿಲ್ಲ. 2016 ಮತ್ತು 2017ರಲ್ಲಿ ಅದೇ ಸಂಘದ ವಿಶ್ವ ಪಟ್ಟ ಗೆದ್ದದ್ದು ‘ಕೊಮೊಡೊ’. ಗಟ್ಟಿ ಎಂಜಿನ್ನೇ, ಸಂಶಯವಿಲ್ಲ. ಆದರೆ ಸ್ಟಾಕ್‌ಫಿಶ್ ಆ ಕಣದಲ್ಲಿ ಇರಲೇ ಇಲ್ಲ.

ಗಾಳಿ ಅಳೆಯುವವರು

ಹೊಸದುರ್ಗದ ಸುತ್ತ ಕಣ್ಣು ಹಾಯಿಸಿದರೆ ಗುಡ್ಡದ ನೆತ್ತಿಗಳ ಮೇಲೆ ಸಾಲುಗಟ್ಟಿ ನಿಂತ ಗಾಳಿಯಂತ್ರಗಳು ಕಾಣುತ್ತವೆ. ಮಕ್ಕಳ ಬಾಯಲ್ಲಿ ಅವು ‘ದೊಡ್ಡ ಫ್ಯಾನು’. ಅಷ್ಟು ಹಣ ಸುರಿದು ಯಂತ್ರ ನಿಲ್ಲಿಸುವ ಮುನ್ನ ಗುಡ್ಡದ ಮೇಲೆ ಎತ್ತರದ ಕಂಬ ನೆಟ್ಟು, ಸಾಮಾನ್ಯವಾಗಿ ಒಂದು ವರ್ಷವಾದರೂ ಗಾಳಿಯ ವೇಗ, ದಿಕ್ಕುಗಳನ್ನು ದಾಖಲಿಸುತ್ತಾರೆ. ಆಷಾಢದ ಒಂದು ಸಂಜೆ ಟೋಪಿ ಹಾರಿಹೋಯಿತೆಂದು ಯಾರೂ ಯಂತ್ರ ನಿಲ್ಲಿಸುವುದಿಲ್ಲ. ‘ಗಾಳಿ ಬಂದಾಗ ತೂರಿಕೋ’ ಎಂಬುದು ಕಣದಲ್ಲಿ ನಿಂತ ರೈತನ ಜಾಣ್ಮೆ. ಟೂರ್ನಿ ಗೆಲ್ಲುವವರ ಜಾಣ್ಮೆಯೂ ಅದೇ. ಆದರೆ ಗಾಳಿ ಎಷ್ಟಿದೆ ಎಂದು ತಿಳಿಯಬೇಕಾದವರು ಗಾಳಿ ಇಲ್ಲದ ದಿನವನ್ನೂ ಬರೆದಿಟ್ಟುಕೊಳ್ಳಬೇಕು.

ಎಂಜಿನ್ ಲೋಕದಲ್ಲೂ ಹೀಗೆ ಗಾಳಿ ಅಳೆಯುವವರಿದ್ದಾರೆ. ಸ್ವೀಡನ್ನಿನ ಚೆಸ್ ಕಂಪ್ಯೂಟರ್ ಸಂಘದ ಹವ್ಯಾಸಿಗಳು 1980ರ ದಶಕದಿಂದಲೇ ತಮ್ಮ ಮನೆಗಳಲ್ಲಿ ಯಂತ್ರಗಳನ್ನು ಆಡಿಸಿ ಬಲದ ಪಟ್ಟಿ ತಯಾರಿಸತೊಡಗಿದರು. 2010ರಲ್ಲಿ ಶುರುವಾದ, ‘ಟಿಸಿಇಸಿ’ ಎಂದು ಹೆಸರಾದ ಎಂಜಿನ್ ಸ್ಪರ್ಧೆಯು ಟೂರ್ನಿಯ ರೋಚಕತೆಯನ್ನೂ ಅಳತೆಯ ಶಿಸ್ತನ್ನೂ ಜೋಡಿಸಲು ಯತ್ನಿಸಿತು. ಸಂಘಟಕರೇ ಒದಗಿಸುವ ಕಂಪ್ಯೂಟರುಗಳು. ಕೊನೆಯ ಪಂದ್ಯಕ್ಕೆ ನೂರು ಆಟ. ಆರಂಭದ ನಡೆಗಳನ್ನು ಸಂಘಟಕರೇ ಆಯ್ದುಕೊಟ್ಟು, ಅದೇ ಸ್ಥಿತಿಯನ್ನು ಒಮ್ಮೆ ಬಿಳಿ ಕಾಯಿ, ಒಮ್ಮೆ ಕಪ್ಪು ಕಾಯಿ ಹಿಡಿದು ಎರಡೂ ಎಂಜಿನ್‌ಗಳು ಆಡಬೇಕು. ಇಳಿಜಾರಿನ ಮೈದಾನದಲ್ಲಿ ಅರ್ಧ ಆಟದ ಬಳಿಕ ಕಡೆ ಬದಲಿಸುವ ಕಬಡ್ಡಿಯಂತೆ!

ಅಲ್ಲಿಯೂ ಏನಾಯಿತು ನೋಡಿ. 2019ರಲ್ಲಿ ಮುಗಿದ 14ನೇ ಆವೃತ್ತಿಯ ಕೊನೆಯ ಪಂದ್ಯದಲ್ಲಿ ಸ್ಟಾಕ್‌ಫಿಶ್, ‘ಲೀಲಾ’ ಎಂಬ ಎಂಜಿನ್ನನ್ನು 50.5–49.5ರಿಂದ ಸೋಲಿಸಿತು. ನೂರರಲ್ಲಿ 81 ಡ್ರಾ. ಗೆಲುವು 10ಕ್ಕೆ 9. ಅದೇ ವರ್ಷದ 15ನೇ ಆವೃತ್ತಿಯಲ್ಲಿ ಲೀಲಾ 53.5–46.5ರಿಂದ ಗೆದ್ದಿತು, ಗೆಲುವು 14ಕ್ಕೆ 7. 2020ರ 17ನೇ ಆವೃತ್ತಿಯಲ್ಲಿ ಮತ್ತೆ ಲೀಲಾ, 18ನೆಯದರಲ್ಲಿ ಮತ್ತೆ ಸ್ಟಾಕ್‌ಫಿಶ್. ಹತ್ತಕ್ಕೆ ಒಂಬತ್ತು ಎನ್ನುವುದು ನಾಣ್ಯ ಚಿಮ್ಮಿದರೂ ಬರುವ ಫಲಿತಾಂಶ. ಹದಿನಾಲ್ಕಕ್ಕೆ ಏಳು? ನಾಣ್ಯವನ್ನು 21 ಸಲ ಚಿಮ್ಮಿದರೆ ‘ತಲೆ’ 14 ಅಥವಾ ಹೆಚ್ಚು ಸಲ ಬೀಳುವ ಸಂಭವ ನೂರರಲ್ಲಿ ಸುಮಾರು ಒಂಬತ್ತು. ಅಂದರೆ ಅದು ಸುಳಿವು ಹೌದು, ಪೂರ್ತಿ ರುಜುವಾತು ಅಲ್ಲ.

ಅದಕ್ಕೇ ಸ್ಟಾಕ್‌ಫಿಶ್ ಕಟ್ಟುವವರು ಟೂರ್ನಿಯ ಕಪ್ಪನ್ನು ನೆಚ್ಚಿ ಕೂರುವುದಿಲ್ಲ. 2013ರಿಂದ ಅವರಿಗೊಂದು ಪರೀಕ್ಷಾ ವ್ಯವಸ್ಥೆಯಿದೆ. ಜಗತ್ತಿನ ಮೂಲೆಮೂಲೆಯ ಸ್ವಯಂಸೇವಕರು ತಮ್ಮ ಕಂಪ್ಯೂಟರುಗಳ ಬಿಡುವಿನ ಹೊತ್ತನ್ನು ದಾನ ಕೊಡುತ್ತಾರೆ. ಎಂಜಿನ್‌ನಲ್ಲಿ ಸಣ್ಣದೊಂದು ಬದಲಾವಣೆ ಮಾಡಬೇಕಾದರೂ ಹಳೆಯದನ್ನೂ ಹೊಸದನ್ನೂ ಹಲವು ಸಾವಿರ, ಎಷ್ಟೋ ಸಲ ಹತ್ತಾರು ಸಾವಿರ ಚುರುಕು ಆಟಗಳಲ್ಲಿ ಎದುರಾಬದುರು ನಿಲ್ಲಿಸಿ, ಲೆಕ್ಕ ಒಪ್ಪಿದರೆ ಮಾತ್ರ ಬದಲಾವಣೆಯನ್ನು ಸೇರಿಸಿಕೊಳ್ಳುತ್ತಾರೆ. ಆದರೆ ಆ ಪರೀಕ್ಷೆಗೂ ಒಂದು ಮಿತಿ ಇದೆ: ಚುರುಕು ಆಟದಲ್ಲಿ ಗೆದ್ದದ್ದು ದೀರ್ಘ ಆಟದಲ್ಲೂ ಅಷ್ಟೇ ಗೆಲ್ಲಬೇಕೆಂದಿಲ್ಲ. ‘ಎಲ್ಲಕ್ಕಿಂತ ಬಲಶಾಲಿ’ ಎಂದಾಗ ‘ಎಷ್ಟು ಸಮಯ ಕೊಟ್ಟು, ಯಾವ ಯಂತ್ರದ ಮೇಲೆ, ಯಾವ ಆರಂಭದಿಂದ’ ಎಂಬ ಮೂರು ಮಾತುಗಳನ್ನೂ ಜೊತೆಗೆ ಹೇಳಲೇಬೇಕು.

ಒಂದಗುಳು ಸಾಕೇ?

ಹೊಸದುರ್ಗದಿಂದ ಹೊಳಲ್ಕೆರೆಯ ಕಡೆ ಹೊರಟರೆ ತೆಂಗಿನ ಜೊತೆಗೆ ಅಡಿಕೆ ಬೆರೆಯುತ್ತದೆ. ಹೊಳಲ್ಕೆರೆ ಎಂದರೆ ಗುಡಿಯ ಹಂಗಿಲ್ಲದೆ ಬಯಲಲ್ಲೇ ಕೂತ ಬಯಲು ಗಣಪತಿ. ಈ ಸೀಮೆಯಲ್ಲಿ ಅಡಿಕೆ ಕೊಳ್ಳುವವರು ಚೀಲದ ಬಾಯಿಯ ಅಡಿಕೆಯನ್ನಷ್ಟೇ ನೋಡಿ ಬೆಲೆ ಕಟ್ಟುವುದಿಲ್ಲ. ಮೇಲಿನದನ್ನೂ ನೋಡಬೇಕು, ತಳದ್ದನ್ನೂ ನೋಡಬೇಕು.

‘ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕು’ ಎಂಬ ಗಾದೆ ನಮ್ಮಲ್ಲಿದೆಯಲ್ಲ ಎಂದು ನೀವು ಕೇಳಬಹುದು. ಗಾದೆ ಸುಳ್ಳಲ್ಲ. ಒಂದೇ ಪಾತ್ರೆ, ಒಂದೇ ನೀರು, ಒಂದೇ ಉರಿಯಲ್ಲಿ ಬೆಂದ ಅಗುಳುಗಳು ಒಂದರಂತೆ ಇನ್ನೊಂದು ಇರುತ್ತವೆ. ಅಡಿಕೆ ಚೀಲ ಹಾಗಲ್ಲ. ಚೆಸ್ ಆಟಗಳೂ ಹಾಗಲ್ಲ. ಮಕ್ಕಳಂತೂ ಖಂಡಿತ ಹಾಗಲ್ಲ.

ಚೆಸ್ ಆಟವೇ ಇದನ್ನು ಬಲ್ಲದು. ಮನುಷ್ಯರ ಚೆಸ್‌ನಲ್ಲಿ ಗ್ರ್ಯಾಂಡ್‌ಮಾಸ್ಟರ್ ಪದವಿ ಸಾಮಾನ್ಯವಾಗಿ ಒಂದು ಟೂರ್ನಿ ಗೆದ್ದರೆ ಸಿಗುವುದಿಲ್ಲ. ನಿಗದಿತ ಮಟ್ಟದ ಆಟವನ್ನು ಬೇರೆ ಬೇರೆ ಟೂರ್ನಿಗಳಲ್ಲಿ ಮತ್ತೆ ಮತ್ತೆ, ಒಟ್ಟು 27 ಆಟಗಳಷ್ಟಾದರೂ, ತೋರಿಸಬೇಕು. ಜೊತೆಗೆ ರೇಟಿಂಗ್ 2500 ಮುಟ್ಟಬೇಕು. ಆ ರೇಟಿಂಗ್ ಪದ್ಧತಿಯನ್ನು ರೂಪಿಸಿದವರು ಅರ್ಪಾದ್ ಎಲೋ ಎಂಬ ಭೌತವಿಜ್ಞಾನದ ಪ್ರಾಧ್ಯಾಪಕರು. ವಿಶ್ವ ಚೆಸ್ ಸಂಸ್ಥೆ ಅದನ್ನು ಒಪ್ಪಿಕೊಂಡದ್ದು 1970ರಲ್ಲಿ. ಪ್ರತಿ ಆಟಕ್ಕೂ ಅಂಕಿ ಸ್ವಲ್ಪ ಏರುತ್ತದೆ, ಸ್ವಲ್ಪ ಇಳಿಯುತ್ತದೆ. ಒಂದು ಗೆಲುವಿಗೆ ಆಕಾಶಕ್ಕೇರಿಸುವುದಿಲ್ಲ, ಒಂದು ಸೋಲಿಗೆ ಪಾತಾಳಕ್ಕೆ ತಳ್ಳುವುದಿಲ್ಲ. ಮೈಸೂರಿನ ಎಂ.ಎಸ್. ತೇಜ್‌ಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದದ್ದು ಇಂಥ ಹಾದಿಯಲ್ಲಿ, ವರ್ಷಗಟ್ಟಲೆ ನಡೆದು. ಒಂದು ಟೂರ್ನಿಯ ಫಲಿತಾಂಶದಿಂದ ಆಟಗಾರನನ್ನು ಅಳೆಯಬಾರದು ಎಂದು ಚೆಸ್ ಲೋಕ ತನ್ನ ನಿಯಮದಲ್ಲೇ ಬರೆದಿಟ್ಟುಕೊಂಡಿದೆ. ಯಂತ್ರಗಳನ್ನು ಅಳೆಯುವವರು ಅದನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ.

ಹಾಗಾದರೆ ಒಂದು ಪರೀಕ್ಷೆಯ ಮೂರು ಗಂಟೆ, ಒಂದು ಭಾನುವಾರದ ಐದು ಸುತ್ತು, ಇವುಗಳಿಂದ ಮಕ್ಕಳ ಮೇಲೆ ‘ಜಾಣ’, ‘ದಡ್ಡ’ ಎಂದು ಮುದ್ರೆ ಒತ್ತುವ ನಾವು? ಅರವತ್ತಕ್ಕೆ ನಲವತ್ತರಷ್ಟು ಮುಂದಿರುವ ಯಂತ್ರವೇ ಐದು ಆಟದಲ್ಲಿ ಮೂರರಲ್ಲೊಂದು ಸಲ ಎಡವುತ್ತದೆ. ಯಂತ್ರಕ್ಕೆ ಜ್ವರ ಬರುವುದಿಲ್ಲ, ಹಿಂದಿನ ರಾತ್ರಿ ಕರೆಂಟು ಹೋಗಿ ನಿದ್ದೆ ಕೆಡುವುದಿಲ್ಲ, ಎದುರಿಗೆ ಅಪ್ಪ ನಿಂತಿದ್ದಾರೆಂಬ ಅಳುಕಿಲ್ಲ. ಮಗುವಿಗೆ ಇವೆಲ್ಲ ಇವೆ.

ಟೂರ್ನಿಗೆ ಮಕ್ಕಳನ್ನು ಕಳಿಸಲೇಬಾರದು ಎಂದಲ್ಲ. ಖಂಡಿತ ಕಳಿಸಿ. ಎದುರಾಳಿಯ ಮುಂದೆ ಕೂತು, ಗಡಿಯಾರದ ಸದ್ದಿನಲ್ಲಿ ಯೋಚಿಸುವ ಧೈರ್ಯ ಬರುವುದು ಅಲ್ಲೇ. ತನ್ನ ಆಟದ ಕಿಂಡಿ ಎಲ್ಲಿದೆ ಎಂದು ಗೊತ್ತಾಗುವುದೂ ಅಲ್ಲೇ. ಆದರೆ ಮನೆಗೆ ಬಂದ ಮೇಲೆ ಕೇಳಬೇಕಾದ ಪ್ರಶ್ನೆ “ಎಷ್ಟನೇ ಸ್ಥಾನ?” ಎಂಬುದಲ್ಲ, “ಯಾವ ಆಟ ಎಲ್ಲಿ ಕೈತಪ್ಪಿತು?” ಎಂಬುದು. ನಲವತ್ತು ಪುಟದ ಒಂದು ನೋಟ್‌ಬುಕ್ ಸಾಕು. ತಾರೀಖು, ಬಿಳಿಯೋ ಕಪ್ಪೋ, ಆರಂಭ ಯಾವುದು, ತಪ್ಪಿದ ನಡೆ ಯಾವುದು ಎಂದು ಮಗುವೇ ಬರೆಯಲಿ. ಐವತ್ತು ಆಟ ಬರೆದಾದ ಮೇಲೆ ಆ ಪುಸ್ತಕ ಹೇಳುವ ಮಾತನ್ನು ಯಾವ ಕಪ್ಪೂ ಹೇಳಲಾರದು. ಎಂಜಿನ್ ಬೇಕೆಂದರೆ ಸ್ಟಾಕ್‌ಫಿಶ್ ಉಚಿತವಾಗಿಯೇ ಸಿಗುತ್ತದೆ. ಜಗತ್ತಿನಲ್ಲಿ ಅದು ಮೊದಲನೆಯದೋ ಎರಡನೆಯದೋ ಎಂಬುದು ಶಾಲಾ ಮಕ್ಕಳಿಗೆ ಲೆಕ್ಕಕ್ಕೆ ಬಾರದ ಅಂತರ. ಕೈತಪ್ಪಿದ ನಡೆಯನ್ನು ತೋರಿಸಲು ಅದು ಧಾರಾಳ ಸಾಕು.

ಸುತ್ತುವುದು ಹೇಗೆ?

ಚಿತ್ರದುರ್ಗ ಬೆಂಗಳೂರಿನಿಂದ ಸುಮಾರು 200 ಕಿ.ಮೀ. ಬೆಳಿಗ್ಗೆ ಬಿಸಿಲೇರುವ ಮೊದಲೇ ಕೋಟೆ ಹತ್ತಿಬಿಡಿ. ನೀರಿನ ಬಾಟಲಿ, ಟೋಪಿ ಮರೆಯಬೇಡಿ. ಮಧ್ಯಾಹ್ನ ಹಿರಿಯೂರು ದಾಟಿ ಮಾರಿಕಣಿವೆ ನೋಡಿ, ಸಂಜೆಗೆ ಹೊಸದುರ್ಗ ಸೇರಬಹುದು. ಮರುದಿನ ಸಾಣೇಹಳ್ಳಿ, ಅನಂತರ ಹೊಳಲ್ಕೆರೆಯ ಬಯಲು ಗಣಪತಿ ನೋಡಿಕೊಂಡು ದುರ್ಗಕ್ಕೆ ಮರಳಿದರೆ ಸುತ್ತು ಪೂರ್ತಿ. ರೈಲಿನಲ್ಲಿ ಬರುವವರಿಗೆ ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ ಅನುಕೂಲ. ‘ಹೊಸದುರ್ಗ ರೋಡ್’ ಎಂಬ ನಿಲ್ದಾಣ ಹೆಸರಿಗೆ ಹೊಸದುರ್ಗದ್ದಾದರೂ ಊರಿನಿಂದ ದೂರವಿದೆ. ಹೆಸರು ನೋಡಿ ಇಳಿದು ಪರದಾಡಬೇಡಿ. ಚೀಲದಲ್ಲಿ ಮಡಚುವ ಚೆಸ್ ಹಾಸೊಂದು ಇರಲಿ. ಮಾರಿಕಣಿವೆಯಲ್ಲಿ ಮರದ ನೆರಳು ಸಿಕ್ಕರೆ ಒಂದು ಆಟ ಆಡಿ. ಯಾರು ಗೆದ್ದರೂ, ಕಡೆ ಬದಲಿಸಿ ಇನ್ನೊಂದು ಆಡಿ.